ಜುಕೋ, ಅಜುಲಾ ಮತ್ತು ತೂಬಿನ ಗೇಟು

ಮೇ ತಿಂಗಳ ಸಂಜೆ ಆರು ಗಂಟೆಗೂ ಬಳ್ಳಾರಿಯ ನಮ್ಮ ಮಾಳಿಗೆ ಮೇಲೆ ಬರಿಗಾಲು ಇಡಲು ಆಗುತ್ತಿರಲಿಲ್ಲ. ಸಿಂಧನೂರಿನಿಂದ ರಜೆಗೆ ಬಂದ ಅಕ್ಕನ ಇಬ್ಬರು ಮಕ್ಕಳು ಕೂಲರ್ ಮುಂದೆ ಕೂತಿದ್ದರು. ಮಧ್ಯದಲ್ಲಿ ಒಂದು ತಟ್ಟೆ ಒಗ್ಗರಣಿ, ನಾಲ್ಕು ಮಿರ್ಚಿ. ಗೋಡೆಗೆ ಆನಿಸಿಟ್ಟ ಮೊಬೈಲಿನಲ್ಲಿ ಯಾವುದೋ ಕಾರ್ಟೂನು. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ದೊಡ್ಡವನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಆ ಸಂತೋಷವನ್ನೆಲ್ಲ ಅವನ ಜೊತೆ ಹೇಳಿಕೊಂಡು ಮುಗಿಸಿ, ಚಿಕ್ಕವಳನ್ನು ಕರೆಸಿ ಒಂದೇ ಮಾತು: "ನಿಮ್ಮಣ್ಣನ್ನ ನೋಡಿ ಕಲಿ."

ಹನ್ನೆರಡು ವರ್ಷದ ಹುಡುಗಿ ಫೋನಿಗೆ ಬಾಯಿ ಹಚ್ಚಿ, "ಅಮ್ಮಾ, ನೀ ನನ್ನ ಜುಕೋ ಮಾಡಿಬಿಟ್ಟಿ ನೋಡು" ಎಂದವಳೇ ಫೋನನ್ನು ಅಣ್ಣನ ಕೈಗೆ ತುರುಕಿ ಎದ್ದು ಹೋದಳು.

ರಾತ್ರಿ ಅಕ್ಕ ನನಗೇ ಫೋನ್ ಮಾಡಿದಳು. "ಲೋ ತಮ್ಮಾ, ಜುಕೋ ಅಂದ್ರ ಏನೋ? ಬೈಗಳ ಏನು ಅದು?"

ಬೈಗಳಲ್ಲ, ಒಬ್ಬ ರಾಜಕುಮಾರನ ಹೆಸರು ಎಂದೆ. ಅಷ್ಟಕ್ಕೆ ಅವಳು ಬಿಡಲಿಲ್ಲ. ಅವನಿಗೇನಾಯಿತು, ಅವನಿಗೂ ನನ್ನ ಮಗಳಿಗೂ ಏನು ಸಂಬಂಧ ಎಂದು ಕೇಳಿದಳು. ಅರ್ಧ ಗಂಟೆ ಹೇಳಿದರೂ ಮುಗಿಯಲಿಲ್ಲ. ಆ ಮಾತನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಇದೇ ಹೆಸರು ಕೇಳಿ ತಲೆ ಕೆರೆದುಕೊಂಡ ತಂದೆತಾಯಿ ಇನ್ನೂ ಹಲವರು ಇರಬಹುದು.

ಕಥೆ ಗೊತ್ತಿಲ್ಲದವರಿಗೆ ಮೊದಲು ಕಥೆ

ಕಾರ್ಟೂನಿನ ಹೆಸರು 'ಅವತಾರ್: ದ ಲಾಸ್ಟ್ ಏರ್‌ಬೆಂಡರ್'. ನೀಲಿ ಮೈಯ ಜನರ ಹಾಲಿವುಡ್ ಸಿನಿಮಾ ಬೇರೆ, ಇದು ಬೇರೆ. ಮೈಕಲ್ ಡಾಂಟೆ ಡಿಮಾರ್ಟಿನೋ ಮತ್ತು ಬ್ರಯಾನ್ ಕೊನಿಯೆಟ್ಸ್‌ಕೋ ಎಂಬಿಬ್ಬರು ಅಮೆರಿಕದಲ್ಲಿ ರೂಪಿಸಿದ ಈ ಸರಣಿ 2005ರ ಫೆಬ್ರುವರಿಯಿಂದ 2008ರ ಜುಲೈವರೆಗೆ ನಿಕಲೋಡಿಯನ್ ಚಾನೆಲ್‌ನಲ್ಲಿ ಬಂತು. ಮೂರು ಭಾಗ, ಒಟ್ಟು 61 ಕಂತು. 2024ರಲ್ಲಿ ನೆಟ್‌ಫ್ಲಿಕ್ಸ್ ಇದನ್ನೇ ನಟರನ್ನಿಟ್ಟು ಮತ್ತೆ ತೆಗೆಯಿತು. ಆಮೇಲೆ ನಮ್ಮ ಮನೆಯ ಮಕ್ಕಳು ಹಳೆಯದನ್ನು ಹುಡುಕಿ ಹಿಡಿದರು.

ಆ ಲೋಕದಲ್ಲಿ ನಾಲ್ಕು ನಾಡುಗಳು: ನೀರು, ಭೂಮಿ, ಅಗ್ನಿ, ಗಾಳಿ. ಒಂದೊಂದು ನಾಡಿನಲ್ಲೂ ಕೆಲವರಿಗೆ ಆ ಭೂತವನ್ನು ಕೈಸನ್ನೆಯಿಂದ ಆಡಿಸುವ ಶಕ್ತಿ ಇರುತ್ತದೆ. ಅಗ್ನಿ ನಾಡಿನವರು ಉಳಿದವರ ಮೇಲೆ ಯುದ್ಧ ಹೂಡಿ ನೂರು ವರ್ಷ ಆಗಿದೆ. ಅಗ್ನಿ ನಾಡು ಎಂದರೆ ಹೇಗಿರುತ್ತದೆ ಎಂದು ಬಳ್ಳಾರಿಯವರಿಗೆ ಬೇರೆ ಹೇಳಬೇಕಿಲ್ಲ. ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲದ ಊರು ನಮ್ಮದು. ಯುದ್ಧ ನಿಲ್ಲಿಸಬೇಕಾದ 'ಅವತಾರ', ಆಂಗ್ ಎಂಬ ಹುಡುಗನೇ ಕಥೆಯ ನಾಯಕ. ಆದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಎದುರು ಪಾಳೆಯದ ಒಂದು ಮನೆ.

ಆ ಮನೆಯ ಯಜಮಾನ ಅಗ್ನಿ ನಾಡಿನ ದೊರೆ ಓಜಾಯ್. ಹೆಂಡತಿ ಉರ್ಸಾ. ಮಗ ಜುಕೋ, ಹದಿನಾರು ವರ್ಷ. ಮಗಳು ಅಜುಲಾ, ಹದಿನಾಲ್ಕು. ಓಜಾಯ್‌ಗೆ ಇರೋ ಎಂಬ ಅಣ್ಣ ಇದ್ದಾನೆ. ಸರಣಿಯಲ್ಲಿ ಈ ಮಕ್ಕಳು ಅವನನ್ನು 'ಅಂಕಲ್' ಎನ್ನುತ್ತಾರೆ. ಕನ್ನಡದಲ್ಲಾದರೆ 'ದೊಡ್ಡಪ್ಪ' ಎಂದುಬಿಟ್ಟರೆ ಅರ್ಧ ಕಥೆ ಹೇಳಿದಂತೆ. ಪಟ್ಟ ದೊಡ್ಡಪ್ಪನಿಗೆ ಹೋಗಬೇಕಿತ್ತಲ್ಲ, ತಮ್ಮನಿಗೆ ಹೇಗೆ ಬಂತು ಎಂಬ ಪ್ರಶ್ನೆ ನಮಗೆ ತಾನಾಗಿ ಹುಟ್ಟುತ್ತದೆ. 'ಅಂಕಲ್' ಎಂಬ ಪದದಲ್ಲಿ ಅದು ಮುಚ್ಚಿಹೋಗುತ್ತದೆ.

ಪೈಪೋಟಿ ಒಂದು, ಪಕ್ಷಪಾತ ಇನ್ನೊಂದು

ಈ ಎರಡನ್ನೂ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಬಿಡಿಸಿ ನೋಡಬೇಕು.

ಒಡಹುಟ್ಟಿದವರ ಪೈಪೋಟಿ ಎಂದರೆ ಮಕ್ಕಳು ತಮ್ಮತಮ್ಮಲ್ಲೇ ನಡೆಸುವ ಜಗ್ಗಾಟ. ಕಿಟಕಿ ಪಕ್ಕದ ಸೀಟು ಯಾರಿಗೆ, ರಿಮೋಟ್ ಯಾರ ಕೈಯಲ್ಲಿ, ಕೊನೆಯ ಮಿರ್ಚಿ ಯಾರದ್ದು. ಇದು ಎಲ್ಲ ಮನೆಯಲ್ಲೂ ಇರುತ್ತದೆ, ಬಹುಮಟ್ಟಿಗೆ ಆರೋಗ್ಯದ್ದೇ. ಜೂಡಿ ಡನ್ ಎಂಬ ಮನಶ್ಶಾಸ್ತ್ರಜ್ಞೆ ಸಹೋದ್ಯೋಗಿ ಕ್ಯಾರಲ್ ಕೆಂಡ್ರಿಕ್ ಜೊತೆ ಸೇರಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಲವತ್ತು ಮನೆಗಳಲ್ಲಿ ಎರಡನೆಯ ಮಗು ಹುಟ್ಟಿದಾಗ ಮೊದಲ ಮಗು ಏನು ಮಾಡುತ್ತದೆ ಎಂದು ಮನೆಯಲ್ಲೇ ಕೂತು ನೋಡಿದರು. ಪುಸ್ತಕ 1982ರಲ್ಲಿ ಬಂತು. ಎರಡು–ಮೂರು ವರ್ಷದ ಪುಟಾಣಿಗಳು ಕೂಡ ತಾಯಿ ಮತ್ತೊಂದು ಮಗುವಿನ ಜೊತೆ ಹೇಗಿರುತ್ತಾಳೆ ಎಂಬುದನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತವೆ ಎಂಬುದು ಅಂಥ ಅಧ್ಯಯನಗಳಿಂದ ಕಂಡ ಮುಖ್ಯ ಸಂಗತಿ. ಅದಕ್ಕೂ ಮೊದಲು ವಿಯೆನ್ನಾದ ಮನೋವೈದ್ಯ ಆಲ್ಫ್ರೆಡ್ ಅಡ್ಲರ್, ತಮ್ಮನೋ ತಂಗಿಯೋ ಹುಟ್ಟಿದಾಗ ಹಿರಿಯ ಮಗು ಸಿಂಹಾಸನದಿಂದ ಇಳಿಸಿದ ರಾಜನಂತಾಗುತ್ತದೆ ಎಂದಿದ್ದ. ಜುಕೋ ಪಾಲಿಗೆ ಈ ಹೋಲಿಕೆ ಅಕ್ಷರಶಃ ನಿಜ.

ಪಕ್ಷಪಾತ ಮಕ್ಕಳ ನಡುವಿನದಲ್ಲ, ಮೇಲಿನಿಂದ ಬರುವಂಥದ್ದು. 'ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ' ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಹಚ್ಚುವ ಕೈ ಮೂರನೆಯವರದ್ದು.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯಿದೆ. ಕೊಪ್ಪಳ ಜಿಲ್ಲೆ ದಾಟಿ ಸಿಂಧನೂರು, ಮಾನ್ವಿ, ರಾಯಚೂರು ಕಡೆ ಹೋಗುತ್ತದೆ. ಮೇಲ್ಭಾಗದವರ ಗದ್ದೆಯಲ್ಲಿ ಭತ್ತಕ್ಕೆ ನೀರು ನಿಂತಿರುತ್ತದೆ. ಟೇಲೆಂಡಿನವರ, ಅಂದರೆ ಕಾಲುವೆಯ ಕೊನೆಯಲ್ಲಿರುವವರ, ಹೊಲಕ್ಕೆ ನೀರು ಬರುತ್ತದೆ ಎಂದು ಸುದ್ದಿ ಮಾತ್ರ ಬರುತ್ತದೆ. ಜಗಳ ಈ ಇಬ್ಬರು ರೈತರ ನಡುವೆ ನಡೆಯುತ್ತದೆ. ರಾತ್ರಿ ಬ್ಯಾಟರಿ ಹಿಡಿದು ಕಾಯುವವರು, ಕೈಕೈ ಮಿಲಾಯಿಸುವವರು ಇವರೇ. ಇಬ್ಬರೂ ಗೇಟು ಎತ್ತಿ ಇಳಿಸುವವರಲ್ಲ. ಜುಕೋ–ಅಜುಲಾ ಜಗಳದಲ್ಲೂ ಕೇಳಬೇಕಾದ ಪ್ರಶ್ನೆ ಗೇಟು ಯಾರ ಕೈಯಲ್ಲಿತ್ತು ಎಂಬುದು.

ಅಜ್ಜನ ಮುಂದೆ ನಡೆದದ್ದು

ಎರಡನೆಯ ಭಾಗದಲ್ಲಿ ಜುಕೋ ಒಬ್ಬನೇ ಅಲೆಯುವ ಒಂದು ಕಂತಿದೆ. ಬಾಲ್ಯದ ನೆನಪುಗಳೆಲ್ಲ ಅಲ್ಲಿ ಬರುತ್ತವೆ. ಅದರ ಒಂದು ದೃಶ್ಯವನ್ನು ನಾನು ಅಕ್ಕನಿಗೆ ಎರಡು ಸಲ ಹೇಳಿದೆ.

ಅಜ್ಜ ಅಜುಲಾನ್ ಸಿಂಹಾಸನದ ಮೇಲೆ ಕೂತಿದ್ದಾನೆ. ಮೊಮ್ಮಗಳಿಗೆ ಇಟ್ಟದ್ದು ಅವನದೇ ಹೆಸರು. ಹೆಸರಿಡುವಾಗಲೇ ತಕ್ಕಡಿ ಒಂದು ಕಡೆ ಬಗ್ಗಿತ್ತು. ಓಜಾಯ್ ತನ್ನ ಮಕ್ಕಳನ್ನು ಎದುರಿಗೆ ನಿಲ್ಲಿಸಿ ಜುಕೋಗೆ ಒಂದು ಹಳೆಯ ಯುದ್ಧದ ಬಗ್ಗೆ ಪ್ರಶ್ನೆ ಕೇಳುತ್ತಾನೆ. ಹುಡುಗ ತಡವರಿಸುತ್ತಾನೆ. ತಂಗಿ ಗಿಳಿಪಾಠದಂತೆ ಉತ್ತರ ಒಪ್ಪಿಸುತ್ತಾಳೆ. ಆಮೇಲೆ ಬೆಂಕಿಯ ಪಟ್ಟುಗಳನ್ನು ಮಾಡಿ ತೋರಿಸುತ್ತಾಳೆ. ಒಂದೂ ತಪ್ಪಿಲ್ಲ. ಆಗ ಜುಕೋ, ಯಾರೂ ಕೇಳದಿದ್ದರೂ, ನಾನೂ ಮಾಡುತ್ತೇನೆ ಎಂದು ಮುಂದೆ ಬರುತ್ತಾನೆ. ಮಾಡುತ್ತಾನೆ, ಬೀಳುತ್ತಾನೆ, ಎದ್ದು ಮತ್ತೆ ಮಾಡುತ್ತಾನೆ, ಮತ್ತೆ ಬೀಳುತ್ತಾನೆ.

ನೆಂಟರು ಬಂದಾಗ ಮಕ್ಕಳನ್ನು ಹಾಲ್‌ಗೆ ಕರೆದು "ಮಗ್ಗಿ ಹೇಳು, ರೈಮ್ಸ್ ಹೇಳು" ಎಂದು ನಿಲ್ಲಿಸುವ ಮನೆಗಳಲ್ಲಿ ಬೆಳೆದವರಿಗೆ ಈ ದೃಶ್ಯಕ್ಕೆ ಟಿಪ್ಪಣಿ ಬೇಕಿಲ್ಲ. ಎಳೆಯ ವಯಸ್ಸಿನಲ್ಲಿ ಎರಡು ವರ್ಷ ದೊಡ್ಡ ಅಂತರ. ಇಲ್ಲಿ ಚಿಕ್ಕವಳು ದೊಡ್ಡವನನ್ನು ಮೀರಿಸಿದ್ದಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ, ಅವನ ತಪ್ಪೂ ಇಲ್ಲ. ಇಬ್ಬರನ್ನೂ ಒಂದೇ ಅಳತೆಗೋಲಿನ ಮುಂದೆ, ಅದೂ ಮೂರನೆಯವರ ಎದುರಿಗೆ ನಿಲ್ಲಿಸಿದ್ದು ತಂದೆ.

ಬಿದ್ದ ಮಗನನ್ನು ಎತ್ತಲು ತಾಯಿ ಬರುತ್ತಾಳೆ. ಎಷ್ಟೇ ಕಷ್ಟವಾದರೂ ಬಿಡದೆ ಹೋರಾಡುವವನು ನೀನು ಎಂಬ ಅರ್ಥದ ಮಾತು ಹೇಳುತ್ತಾಳೆ. ಒಳ್ಳೆಯ ಮಾತು. ಆದರೆ ಚೆನ್ನಾಗಿ ಮಾಡಿ ತೋರಿಸಿದ ಹುಡುಗಿಯೂ ಅಲ್ಲೇ ನಿಂತಿದ್ದಳು. ಅವಳ ಕಡೆ ಯಾರು ನೋಡಿದರು? ಈ ಪ್ರಶ್ನೆ ನನಗೆ ಮೊದಲ ಸಲ ನೋಡಿದಾಗ ಹೊಳೆದಿರಲಿಲ್ಲ.

ಅದೇ ಕಂತಿನಲ್ಲಿ ಯುದ್ಧಭೂಮಿಯಿಂದ ದೊಡ್ಡಪ್ಪ ಉಡುಗೊರೆ ಕಳಿಸುತ್ತಾನೆ. ಜುಕೋಗೆ ಒಂದು ಚೂರಿ, ಅಜುಲಾಗೆ ಒಂದು ಗೊಂಬೆ. ನಮ್ಮ ಕಿನ್ನಾಳದ ಗೊಂಬೆಯಷ್ಟು ಚೆಂದವಿತ್ತೋ ಏನೋ, ಅವಳು ಅದನ್ನು ಸುಟ್ಟುಹಾಕುತ್ತಾಳೆ. ನೋಡಿದವರು ಎಂಥ ಕ್ರೂರ ಹುಡುಗಿ ಎನ್ನುತ್ತಾರೆ. ಮನೆಯಲ್ಲಿ ಬೆಂಕಿಯ ಆಟದಲ್ಲಿ ಎಲ್ಲರಿಗಿಂತ ಮುಂದಿರುವ ಮಗುವಿಗೆ ಗೊಂಬೆ, ಹಿಂದಿರುವ ಮಗುವಿಗೆ ಆಯುಧ. ಮಕ್ಕಳಲ್ಲಿ ಭೇದ ಮಾಡದವನೆಂದು ನಾವೆಲ್ಲ ಮೆಚ್ಚುವ ದೊಡ್ಡಪ್ಪನೂ ಇಲ್ಲಿ ಮಗುವನ್ನು ನೋಡಿ ಕೊಟ್ಟನೋ, ಹುಡುಗ–ಹುಡುಗಿ ಎಂಬ ಲೆಕ್ಕದಲ್ಲಿ ಕೊಟ್ಟನೋ? ಸರಣಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಅಗ್ನಿ ಕೈ

ಈ ಹೆಸರು ಕೇಳಿದರೆ ಕನ್ನಡದ ಮಕ್ಕಳಿಗೆ ಬೆಂಕಿಯ ಕೈ ಎಂದೇ ಅರ್ಥವಾಗುತ್ತದೆ. ನನ್ನ ಸೊಸೆಯೂ ಹಾಗೇ ತಿಳಿದಿದ್ದಳು. ಸರಣಿಯಲ್ಲಿ ಅದು ಬೆಂಕಿ ಆಡಿಸುವ ಇಬ್ಬರ ನಡುವಿನ ದ್ವಂದ್ವಯುದ್ಧದ ಹೆಸರು. ಆದರೆ ತಪ್ಪು ಅರ್ಥವೇ ಕಥೆಗೆ ಸರಿಯಾಗಿ ಹೊಂದುತ್ತದೆ.

ಜುಕೋಗೆ ಹದಿಮೂರು ವರ್ಷ. ಸೇನಾಪತಿಗಳ ಸಭೆಯಲ್ಲಿ ಕೂರಲು ಅಪ್ಪಣೆ ಸಿಕ್ಕಿದೆ. ಒಬ್ಬ ಸೇನಾಪತಿ ಹೊಸದಾಗಿ ಸೇರಿದ ಸೈನಿಕರನ್ನು ಬಲಿಕೊಟ್ಟು ಶತ್ರುವನ್ನು ಮರುಳು ಮಾಡುವ ಯೋಜನೆ ಮುಂದಿಡುತ್ತಾನೆ. ಹುಡುಗ ಎದ್ದು ಇದು ಅನ್ಯಾಯ ಎನ್ನುತ್ತಾನೆ. ಹಿರಿಯರ ಮಾತಿನ ಮಧ್ಯೆ ಬಾಯಿ ಹಾಕಿದ್ದಕ್ಕೆ ಅಗ್ನಿ ಕೈ ಆಡಬೇಕು ಎಂದಾಗ, ಎದುರಾಳಿ ಆ ಮುದುಕ ಸೇನಾಪತಿ ಎಂದುಕೊಂಡು ಒಪ್ಪುತ್ತಾನೆ. ಅಂಗಳಕ್ಕೆ ಬಂದು ತಿರುಗಿದರೆ ಎದುರಿಗೆ ನಿಂತವನು ಅಪ್ಪ. ಮಗ ಮೊಣಕಾಲೂರಿ ಕ್ಷಮೆ ಕೇಳುತ್ತಾನೆ, ಕೈ ಎತ್ತುವುದಿಲ್ಲ. ಅಪ್ಪ ಅವನ ಮುಖ ಸುಡುತ್ತಾನೆ. ಎಡಗಣ್ಣಿನ ಸುತ್ತ ಆ ಕಲೆ ಕೊನೆಯವರೆಗೂ ಉಳಿಯುತ್ತದೆ. ಮೇಲೆ ಗಡೀಪಾರು. ನೂರು ವರ್ಷದಿಂದ ಯಾರಿಗೂ ಕಾಣದ ಅವತಾರನನ್ನು ಹಿಡಿದು ತಂದರೆ ಮಾತ್ರ ಮನೆಗೆ ಪ್ರವೇಶ.

ಆ ಅಂಗಳದಲ್ಲಿ ನೋಡುತ್ತ ನಿಂತವರಲ್ಲಿ ದೊಡ್ಡಪ್ಪ ಮುಖ ತಿರುಗಿಸುತ್ತಾನೆ. ಅಜುಲಾ ನಗುತ್ತಾಳೆ.

ಆ ನಗುವನ್ನು ನೋಡಿ ಮಕ್ಕಳು ಅವಳನ್ನು ದ್ವೇಷಿಸುತ್ತಾರೆ. ನನಗೀಗ ಬೇರೆ ಏನೋ ಕಾಣುತ್ತದೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಈ ಮನೆಯಲ್ಲಿ ಸೋತರೆ ಏನಾಗುತ್ತದೆ ಎಂಬುದನ್ನು ಆವತ್ತು ಕಣ್ಣಾರೆ ಕಂಡಳು.

ಹೆಚ್ಚು ನೀರು ಬಿದ್ದ ಹೊಲ

ಕಾಲುವೆಯ ಹೋಲಿಕೆಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅದರಲ್ಲಿ ಇನ್ನೊಂದು ಅರ್ಧ ಉಳಿದಿದೆ. ತುಂಗಭದ್ರಾ ಯೋಜನೆ ಮಾಡಿದಾಗ ಬಹುಪಾಲು ಭೂಮಿಗೆ ಕಡಿಮೆ ನೀರಿನ ಬೆಳೆ ಎಂದು ಲೆಕ್ಕ ಹಾಕಿದ್ದರು. ಮೇಲ್ಭಾಗದವರು ಭತ್ತಕ್ಕೆ ಇಳಿದರು. ವರ್ಷವರ್ಷ ನೀರು ನಿಂತು, ನೆಲದೊಳಗಿನ ನೀರು ಮೇಲೆದ್ದು, ಜೊತೆಗೆ ಉಪ್ಪನ್ನೂ ಎತ್ತಿ ತಂದು, ಎಷ್ಟೋ ಜಮೀನು ಸವಳು–ಜವಳು ಆಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು ನೆಲ ಸುಧಾರಿಸುವ ಬಗ್ಗೆಯೇ ವರ್ಷಗಟ್ಟಲೆ ಕೆಲಸ ನಡೆದಿದೆ. ಟೇಲೆಂಡಿನ ಹೊಲ ನೀರಿಲ್ಲದೆ ಒಣಗಿದರೆ, ಮೇಲಿನ ಹೊಲ ನೀರು ಹೆಚ್ಚಾಗಿ ಕೆಡುತ್ತದೆ. ಎರಡಕ್ಕೂ ಕಾರಣ ಒಂದೇ ಗೇಟು.

ಅಜುಲಾ ಆ ಮೇಲಿನ ಹೊಲ.

ಅವಳು ತಂದೆಯ ಮೆಚ್ಚಿನ ಮಗಳು. ಅವಳ ಬೆಂಕಿ ಉಳಿದವರಂತೆ ಹಳದಿಯಲ್ಲ, ನೀಲಿ. ಕಟ್ಟಿಗೆ ಒಲೆಯ ಉರಿಗೂ ಸರಿಯಾಗಿ ಹೊತ್ತಿದ ಗ್ಯಾಸ್ ಒಲೆಯ ಉರಿಗೂ ಇರುವ ವ್ಯತ್ಯಾಸ ನೆನಪು ಮಾಡಿಕೊಳ್ಳಿ. ಸ್ಪ್ಯಾನಿಷ್‌ನಲ್ಲಿ 'ಅಜುಲ್' ಎಂದರೆ ನೀಲಿ. ಎರಡನೆಯ ಭಾಗದ ಮೊದಲ ಕಂತಿನಲ್ಲೇ ಅವಳು ಹಡಗಿನ ಮೇಲೆ ಮಿಂಚು ಬಿಡುವ ಅಭ್ಯಾಸ ಮಾಡುತ್ತಾಳೆ. ನೋಡುತ್ತಿದ್ದ ಇಬ್ಬರು ಮುದುಕಿಯರು ಬಹುತೇಕ ಪರಿಪೂರ್ಣ, ಒಂದೇ ಒಂದು ಕೂದಲು ಜಾರಿದೆ ಎನ್ನುತ್ತಾರೆ. ಅವಳು ಮುಖದ ಮೇಲೆ ಬಿದ್ದ ಆ ಒಂದು ಎಳೆಯನ್ನು ನೋಡುತ್ತಾಳೆ. 'ಬಹುತೇಕ' ಸಾಲದು ಎಂದು ಮತ್ತೆ ಶುರುಮಾಡುತ್ತಾಳೆ.

ನೂರಕ್ಕೆ ತೊಂಬತ್ತೆಂಟು ತಂದ ಮಗುವಿಗೆ "ಉಳಿದ ಎರಡು ಎಲ್ಲಿ ಹೋಯ್ತು?" ಎಂದು ಕೇಳುವುದು ನಮ್ಮಲ್ಲಿ ತಮಾಷೆ. ಮಗು ಅದನ್ನು ತಮಾಷೆ ಎಂದೇ ತೆಗೆದುಕೊಂಡಿತೇ ಎಂದು ನಾವು ನೋಡುವುದಿಲ್ಲ.

ಮೆಚ್ಚಿನ ಮಗುವಿಗೆ ಸಿಗುವ ಪ್ರೀತಿಗೆ ಷರತ್ತು ಅಂಟಿರುತ್ತದೆ. ಗೆದ್ದಷ್ಟು ದಿನ ಮಾತ್ರ ಅದು. ಕೊನೆಯ ಕಂತುಗಳಲ್ಲಿ ಓಜಾಯ್ ತನಗೆ ಇನ್ನೂ ದೊಡ್ಡ ಪದವಿ ಕಲ್ಪಿಸಿಕೊಂಡು, ಖಾಲಿಯಾದ ಹಳೆಯ ಪಟ್ಟವನ್ನು ಮಗಳಿಗೆ ಕೊಟ್ಟು, ಅವಳನ್ನು ಅರಮನೆಯಲ್ಲೇ ಬಿಟ್ಟು ಯುದ್ಧಕ್ಕೆ ಹೊರಡುತ್ತಾನೆ. ಪಟ್ಟ ಸಿಕ್ಕಿತು ಎಂದು ಸಂತೋಷಪಡುವ ಮೊದಲು ಅವಳ ಬಾಯಿಂದ ಬರುವ ಮಾತಿನ ಸಾರ, ನನ್ನನ್ನು ಜುಕೋನ ಹಾಗೆ ನೋಡಬೇಡ ಎಂಬುದು. ಅಷ್ಟು ವರ್ಷ ಅವಳ ಒಳಗೆ ಇದ್ದ ಭಯ ಯಾವುದು ಎಂದು ಅಲ್ಲಿ ಬಯಲಾಗುತ್ತದೆ. ಅಣ್ಣನ ಜೊತೆ ಅವಳಿಗೆ ಸ್ಪರ್ಧೆ ಇರಲಿಲ್ಲ. ಅಣ್ಣನ ಜಾಗಕ್ಕೆ ತಾನು ಜಾರದಂತೆ ಓಡುತ್ತಿದ್ದಳು.

ಆಮೇಲಿನ ಕುಸಿತವನ್ನು ಸಣ್ಣಸಣ್ಣ ವಿವರಗಳಲ್ಲಿ ತೋರಿಸಿದ್ದಾರೆ. ಚೆರಿ ಹಣ್ಣಿನಲ್ಲಿ ಒಂದು ಬೀಜ ಉಳಿದಿತ್ತೆಂದು ಸೇವಕಿಯನ್ನು ಹೊರಗಟ್ಟುತ್ತಾಳೆ. ಆಮೇಲೆ ಕಾವಲಿನವರನ್ನು. ಆಮೇಲೆ ಆ ಮುದುಕಿಯರಲ್ಲೊಬ್ಬಳನ್ನು. ಒಂದು ಕೂದಲು ಜಾರಿದ್ದಕ್ಕೆ ಸಿಟ್ಟಾದವಳು ಈಗ ಕನ್ನಡಿ ಮುಂದೆ ಕೂತು ತನ್ನ ಕೂದಲನ್ನು ತಾನೇ ಅಡ್ಡಾದಿಡ್ಡಿ ಕತ್ತರಿಸಿಕೊಳ್ಳುತ್ತಾಳೆ. ಕನ್ನಡಿಯಲ್ಲಿ ಮನೆ ಬಿಟ್ಟು ಹೋದ ತಾಯಿ ಕಾಣುತ್ತಾಳೆ. ನಿನ್ನ ಮೇಲೆ ನನಗೆ ಪ್ರೀತಿ ಇದೆ ಎನ್ನುತ್ತಾಳೆ. ಅಜುಲಾ ಬಾಚಣಿಗೆ ಎಸೆದು ಕನ್ನಡಿ ಒಡೆಯುತ್ತಾಳೆ.

ಅದಕ್ಕೂ ಮೊದಲು ಒಂದು ರಾತ್ರಿ ಸಮುದ್ರದ ದಂಡೆಯಲ್ಲಿ ಗೆಳತಿಯರ ಜೊತೆ ಕೂತಾಗ, ತನ್ನ ತಾಯಿ ತನ್ನನ್ನು ರಾಕ್ಷಸಿ ಎಂದುಕೊಂಡಿದ್ದಳು ಎಂದು ಹೇಳಿಕೊಂಡಿರುತ್ತಾಳೆ. ಏನೂ ಆಗದವಳಂತೆ. ಅಲ್ಲಿಗೆ ಲೆಕ್ಕ ಪೂರ್ತಿಯಾಗುತ್ತದೆ. ಆ ಮನೆಯಲ್ಲಿ ಪಕ್ಷಪಾತ ಒಂದಲ್ಲ, ಎರಡು. ತಂದೆಯ ಬೆಣ್ಣೆ ಮಗಳಿಗೆ, ತಾಯಿಯ ಬೆಣ್ಣೆ ಮಗನಿಗೆ. ಹೊರಗಿನಿಂದ ನೋಡಿದರೆ ಸಮಸಮ. ಆದರೆ ಅಪ್ಪ ಕಡಿಮೆ ಕೊಟ್ಟದ್ದನ್ನು ಅಮ್ಮ ತುಂಬಿಸಲು ಆಗುವುದಿಲ್ಲ, ಅಮ್ಮ ಕೊಡದ್ದನ್ನು ಅಪ್ಪನೂ ತುಂಬಿಸಲಾರ. ತಾಯಿ ಮಗನ ಕಡೆ ವಾಲಿದ್ದು ತಂದೆಯ ಏಟಿನಿಂದ ಅವನನ್ನು ಕಾಯಲು. ಕಾರಣ ನ್ಯಾಯವಾದದ್ದೇ. ಮಗಳಿಗೆ ಆ ಕಾರಣ ಗೊತ್ತಿರಲಿಲ್ಲ ಅಷ್ಟೆ.

ಗೇಟು ಹಿಡಿದ ಕೈಗೂ ಒಬ್ಬ ಅಪ್ಪನಿದ್ದ

ಓಜಾಯ್ ಹೀಗೇಕೆ? ಇಲ್ಲಿ ದೊಡ್ಡಪ್ಪನ ಕಥೆ ಬೇಕು. ಇರೋ ಹಿರಿಯ ಮಗ, ಹೆಸರಾಂತ ಸೇನಾಪತಿ, ಪಟ್ಟದ ಹಕ್ಕುದಾರ. ಬಾ ಸಿಂಗ್ ಸೇ ಎಂಬ ಕೋಟೆಯ ಊರಿಗೆ 600 ದಿನ ಮುತ್ತಿಗೆ ಹಾಕಿದ್ದ. ಅಲ್ಲಿ ಅವನ ಮಗ ಸತ್ತ. ಗೆಲುವು ಕೈಗೆ ಸಿಗುವಂತಿದ್ದರೂ ಮುತ್ತಿಗೆ ಬಿಟ್ಟು ಬಂದ.

ಆಗ ಓಜಾಯ್ ತಂದೆಯ ಬಳಿ ಹೋಗಿ, ಅಣ್ಣನಿಗೆ ವಾರಸುದಾರನಿಲ್ಲ, ಪಟ್ಟ ನನಗೆ ಕೊಡು ಎನ್ನುತ್ತಾನೆ. ಮುದುಕ ಅಜುಲಾನ್‌ಗೆ ಸಿಟ್ಟು ಬರುತ್ತದೆ. ಮಗ ಸತ್ತ ನೋವು ಏನೆಂದು ನಿನಗೂ ಗೊತ್ತಾಗಲಿ, ನಿನ್ನ ಚೊಚ್ಚಲ ಮಗನನ್ನು ಕೊಲ್ಲು ಎಂಬ ಶಿಕ್ಷೆ ಕೊಡುತ್ತಾನೆ. ಪರದೆ ಹಿಂದೆ ಅವಿತಿದ್ದ ಅಜುಲಾ ಕೇಳಿಸಿಕೊಂಡು ಹೋಗಿ ಅಣ್ಣನ ಕೋಣೆಯ ಬಾಗಿಲಲ್ಲಿ ನಿಂತು ಹಾಡಿನಂತೆ ಹೇಳುತ್ತಾಳೆ. ಆ ರಾತ್ರಿ ತಾಯಿ ಮಗನನ್ನು ಉಳಿಸಲು ಏನೋ ಮಾಡುತ್ತಾಳೆ. ಬೆಳಗಾಗುವಷ್ಟರಲ್ಲಿ ಅಜ್ಜ ಇಲ್ಲ, ತಾಯಿಯೂ ಇಲ್ಲ, ಪಟ್ಟ ಓಜಾಯ್‌ದು.

ಅಂದರೆ ಓಜಾಯ್ ತಾನೇ ಒಬ್ಬ ಟೇಲೆಂಡಿನ ಮಗ. ಅಣ್ಣನನ್ನು ಮೆಚ್ಚಿದ ತಂದೆಯ ಕಿರಿಯ ಮಗ ಅವನು. ಅವನ ಮನೆಯಲ್ಲಿ ಹಿರಿಯ ಮಗ ಸುಣ್ಣಕ್ಕೆ, ಕಿರಿಯ ಮಗಳು ಬೆಣ್ಣೆಗೆ. ತನ್ನ ಹಳೆಯ ಸೇಡನ್ನು ಮಕ್ಕಳ ಮೇಲೆ ತೀರಿಸಿಕೊಂಡನೋ ಏನೋ. ಸರಣಿಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಇದು ನನ್ನ ಓದು. ಆದರೆ ನಮ್ಮ ಬಂಧುಬಳಗದಲ್ಲಿ ಇಂಥ ತಲೆಕೆಳಗಾದ ಲೆಕ್ಕ ಇಟ್ಟುಕೊಂಡ ಚಿಕ್ಕಪ್ಪಂದಿರು ನೆನಪಾಗದೆ ಇರುವುದಿಲ್ಲ. 'ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು' ಎನ್ನುವ ಗಾದೆಯಲ್ಲಿ ಆ 'ಬೆಳೆಯುತ್ತ' ಎಂಬ ಪದದೊಳಗೆ ಏನೇನು ನಡೆಯುತ್ತದೆ ಎಂದು ಈ ಮನೆ ತೋರಿಸುತ್ತದೆ.

ಜುಕೋ ಬಚಾವಾದದ್ದು ಹೇಗೆ ಎಂಬುದಕ್ಕೆ ಉತ್ತರವೂ ಆ ದೊಡ್ಡಪ್ಪನೇ. ಗಡೀಪಾರಾದ ಹುಡುಗನ ಜೊತೆ ತಾನಾಗಿ ಹೊರಟು, ಚಹಾ ಕಾಸಿಕೊಡುತ್ತ ಮೂರು ವರ್ಷ ಹಡಗಿನಲ್ಲಿ ಕಳೆಯುತ್ತಾನೆ. ಹುಡುಗ ಒಮ್ಮೆ ದೊಡ್ಡಪ್ಪನಿಗೇ ದ್ರೋಹ ಮಾಡಿ ತಂಗಿಯ ಪಕ್ಷ ಸೇರುತ್ತಾನೆ. ಮನೆಗೆ ಹೋಗುತ್ತಾನೆ, ಅಪ್ಪನ ಬಾಯಿಂದ ಶಭಾಷ್ ಎನಿಸಿಕೊಳ್ಳುತ್ತಾನೆ, ಅದೇಕೋ ಗಂಟಲಲ್ಲಿ ಇಳಿಯುವುದಿಲ್ಲ. ಸೂರ್ಯಗ್ರಹಣದ ದಿನ ಅಪ್ಪನೆದುರು ನಿಂತು, ಹದಿಮೂರು ವರ್ಷದ ಮಗನ ಮೇಲೆ ಕೈ ಮಾಡಿದ್ದು ಕ್ರೌರ್ಯ ಎಂದು ಹೇಳಿ ಹೊರಬೀಳುತ್ತಾನೆ. ಮುಂದೆ ದೊಡ್ಡಪ್ಪನ ಗುಡಾರಕ್ಕೆ ಬಂದು ರಾತ್ರಿಯಿಡೀ ಕಾದು, ಬೆಳಗ್ಗೆ ಅವನು ಏಳುತ್ತಲೇ ಅಳುತ್ತ ಕ್ಷಮೆ ಕೇಳಲು ಶುರುಮಾಡುತ್ತಾನೆ. ಮಾತು ಮುಗಿಯುವ ಮೊದಲೇ ಮುದುಕ ಎಳೆದು ಅಪ್ಪಿಕೊಳ್ಳುತ್ತಾನೆ. ಅಜುಲಾಗೆ ಅಂಥ ಒಬ್ಬ ದೊಡ್ಡವರು ಇರಲಿಲ್ಲ.

ಅಧ್ಯಯನ ಮಾಡಿದವರು ಏನು ಕಂಡರು

ಕಥೆ ಬಿಟ್ಟು ನಿಜಕ್ಕೆ ಬಂದರೆ ಅಕ್ಕ ಕೇಳಿದ್ದು ನೇರ ಪ್ರಶ್ನೆ: "ಇಬ್ಬರನ್ನೂ ಒಂದೇ ಥರ ನೋಡಾಕ ಆಗ್ತದೇನೋ?"

ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹದಿನೈದರ ಹುಡುಗನಿಗೂ ಹನ್ನೆರಡರ ಹುಡುಗಿಗೂ ಒಂದೇ ನಿಯಮ ಹಾಕಿದರೆ ಅದೇ ಅನ್ಯಾಯ. ಜ್ವರ ಬಂದ ಮಗುವಿಗೆ ಹೆಚ್ಚು ಗಮನ ಹೋಗುತ್ತದೆ. ಅಮಾಂಡಾ ಕೋವಲ್ ಮತ್ತು ಲಾರಿ ಕ್ರೇಮರ್ ಎಂಬ ಸಂಶೋಧಕಿಯರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗ್ಗೆ ಹೆಚ್ಚು ಉಲ್ಲೇಖವಾಗುವಂಥದ್ದು. ತಂದೆತಾಯಿ ಬೇರೆಬೇರೆಯಾಗಿ ನಡೆಸಿಕೊಂಡರು ಎಂಬುದನ್ನು ಮಕ್ಕಳು ಚೆನ್ನಾಗಿ ಗಮನಿಸುತ್ತಾರೆ. ಆದರೆ ಅದಕ್ಕೆ ನ್ಯಾಯವಾದ ಕಾರಣವಿದೆ ಎಂದು ಅನಿಸಿದರೆ ಬಹಳಷ್ಟು ಮಕ್ಕಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ವ್ಯತ್ಯಾಸಕ್ಕಿಂತ ಹೆಚ್ಚು ಕುಟುಕುವುದು ಕಾರಣ ಗೊತ್ತಾಗದ ವ್ಯತ್ಯಾಸ. ಅಣ್ಣನಿಗೆ ಮೊಬೈಲು, ನನಗಿಲ್ಲ. ಯಾಕೆ ಎಂದು ಕೇಳಿದರೆ "ಸುಮ್ಮನಿರು" ಎಂಬ ಉತ್ತರ. ಕಾಲುವೆಗೆ ಈ ವಾರ ನಿಮ್ಮ ಪಾಳಿ ಇಲ್ಲ, ಬರುವ ವಾರ ಇದೆ ಎಂದು ಮೊದಲೇ ಪಟ್ಟಿ ಹಚ್ಚಿದರೆ ರೈತರು ಅರ್ಧ ಜಗಳ ಬಿಡುತ್ತಾರೆ, ಹಾಗೇ ಇದು.

ಯಾವ ಮಗು ಮೆಚ್ಚಿನದಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಅಲೆಕ್ಸ್ ಜೆನ್ಸನ್ ಮತ್ತು ಜೊತೆಗಾರರು 2025ರಲ್ಲಿ ಹಿಂದಿನ ಹಲವು ಅಧ್ಯಯನಗಳನ್ನು, ಒಟ್ಟು 19 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಶಿಸ್ತಿನ, ಜವಾಬ್ದಾರಿಯ ಸ್ವಭಾವದ ಮಕ್ಕಳ ಕಡೆ ತಂದೆತಾಯಿ ಸ್ವಲ್ಪ ಹೆಚ್ಚು ವಾಲುತ್ತಾರೆ, ಹೆಣ್ಣುಮಕ್ಕಳ ಕಡೆಯೂ ತುಸು ವಾಲುತ್ತಾರೆ, ಹಿರಿಯ ಮಕ್ಕಳಿಗೆ ಹೆಚ್ಚು ಸ್ವಾತಂತ್ರ್ಯ ಕೊಡುತ್ತಾರೆ ಎಂದು ಕಂಡಿತು. ಈ ಮಾಹಿತಿ ಬಹುಪಾಲು ಅಮೆರಿಕ, ಪಶ್ಚಿಮ ಯುರೋಪಿನದು. ಹೆಣ್ಣುಮಕ್ಕಳ ಕಡೆ ವಾಲುತ್ತಾರೆ ಎಂಬ ಮಾತನ್ನು ನಮ್ಮ ಸೀಮೆಯ ಅಜ್ಜಿಯರ ಮುಂದೆ ಹೇಳಿದರೆ ನಕ್ಕಾರು.

ಎಲ್ಲ ಜಗಳವೂ ಅಪ್ಪನದಲ್ಲ

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಸರಣಿ ನೋಡಿದ ಮೇಲೆ ಮಕ್ಕಳ ಪ್ರತಿ ಜಗಳಕ್ಕೂ ತಂದೆತಾಯಿಯನ್ನೇ ಹಿಡಿಯುವ ಚಟ ಬರುತ್ತದೆ. ಆನೆಗೊಂದಿಗೆ ಹೋದವರಿಗೆ ವಾಲಿಯ ಗುಹೆ ತೋರಿಸುತ್ತಾರೆ. ಹೊಳೆಯ ಆಚೆ ಹಂಪಿಯಲ್ಲಿ ಸುಗ್ರೀವನ ಗುಹೆ ತೋರಿಸುತ್ತಾರೆ. ಒಂದೇ ಹೊಳೆಯ ಎರಡು ದಂಡೆಯಲ್ಲಿ ಅಣ್ಣತಮ್ಮಂದಿರು. ಅವರ ಜಗಳಕ್ಕೆ ತಂದೆ ಕಾರಣನಲ್ಲ. ಮಾಯಾವಿಯನ್ನು ಅಟ್ಟಿಕೊಂಡು ಗುಹೆಯೊಳಗೆ ಹೋದ ಅಣ್ಣ ಬಹಳ ದಿನ ಬರಲಿಲ್ಲ, ಹೊರಗೆ ರಕ್ತ ಹರಿದು ಬಂತು, ಅಣ್ಣ ಸತ್ತನೆಂದು ತಮ್ಮ ಬಂಡೆ ಮುಚ್ಚಿ ಊರಿಗೆ ಬಂದು ಪಟ್ಟವೇರಿದ. ಅಣ್ಣ ಬದುಕಿ ಬಂದಾಗ ತಮ್ಮನ ಮಾತು ಕೇಳಲಿಲ್ಲ. ಅದು ತಪ್ಪು ತಿಳಿವಳಿಕೆಯ ಜಗಳ. ತೊಡೆಯೇರಲು ಹೋಗಿ ತಳ್ಳಿಸಿಕೊಂಡ ಧ್ರುವನದ್ದು ಪಕ್ಷಪಾತದ ಕಥೆ. ಮೊದಲನೆಯದು ಕೂತು ಮಾತಾಡಿದರೆ ಬಗೆಹರಿದೀತು. ಎರಡನೆಯದರಲ್ಲಿ ಮಕ್ಕಳಿಬ್ಬರೂ ಎಷ್ಟು ಮಾತಾಡಿಕೊಂಡರೂ ತೊಡೆ ಒಬ್ಬರದೇ ಆಗಿರುತ್ತದೆ.

ಅದೇ ಸರಣಿಯಲ್ಲಿ ಸೊಕ್ಕಾ–ಕಟಾರಾ ಎಂಬ ಇನ್ನೊಂದು ಅಣ್ಣತಂಗಿ ಜೋಡಿಯೂ ಇದೆ. ತಂಗಿಗೆ ನೀರನ್ನು ಆಡಿಸುವ ಶಕ್ತಿ ಇದೆ, ಅಣ್ಣನಿಗೆ ಏನೂ ಇಲ್ಲ. ಅವನಿಗೆ ತಾನು ಕಡಿಮೆ ಎಂದು ಒಂದು ಕಂತಿಡೀ ಅನಿಸುತ್ತದೆ. ಇಬ್ಬರೂ ಬೆಳಗಿನಿಂದ ಸಂಜೆವರೆಗೆ ಕಚ್ಚಾಡುತ್ತಾರೆ. ಆದರೂ ಅವರನ್ನು ಅಕ್ಕಪಕ್ಕ ನಿಲ್ಲಿಸಿ ಅಳೆಯುವ ದೊಡ್ಡವರು ಆ ಮನೆಯಲ್ಲಿ ಇಲ್ಲದ್ದರಿಂದ ಜಗಳ ಜಗಳವಾಗಿಯೇ ಉಳಿಯುತ್ತದೆ.

ಇಷ್ಟನ್ನೂ ಅಕ್ಕನಿಗೆ ಹೇಳಿ ಮುಗಿಸಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಕಿ ಉಂಡಳೇನು?" ಎಂದಳು. ಉಂಡಿದ್ದಾಳೆ ಎಂದೆ.

ಅಂದು ರಾತ್ರಿ ಮಾಳಿಗೆಗೆ ನೀರು ಚಿಮುಕಿಸಿ, ಬಿಸಿ ಆರಿದ ಮೇಲೆ ಹಾಸಿಗೆ ಹಾಸಿದೆವು. ಇಬ್ಬರೂ ಮಲಗಿದರು ಎಂದುಕೊಂಡಿದ್ದೆ. ಕತ್ತಲಲ್ಲಿ ದೊಡ್ಡವನ ದನಿ ಬಂತು. "ಮಾಮಾ, ಪಿಯುಸಿಯಾಗ ಕಡಿಮಿ ಬಂದ್ರ ಅಮ್ಮ ನನಗೇನಂತಾಳ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಚಾದರದೊಳಗಿಂದ ಉತ್ತರ ಬಂತು.

"ನಿನ್ನ ತಂಗೀನ ನೋಡಿ ಕಲಿ ಅಂತಾಳ. ಸುಮ್ನ ಮಲಕೋ."